ಆ ವರ್ಷದ ನಟಿ ಯಾರು, ನಿಮ್ಮಲ್ಲಿ?

2024ರ ಆಗಸ್ಟ್ 16ಕ್ಕೆ ಕೇರಳದ ರಾಜ್ಯ ಸಿನಿಮಾ ಪ್ರಶಸ್ತಿ ಘೋಷಣೆ ಆಯಿತು. ಹಿಂದಿನ ವರ್ಷದ ಅತ್ಯುತ್ತಮ ನಟಿ ಇಬ್ಬರು: ‘ಉಳ್ಳೊಳುಕ್ಕ್’ ಚಿತ್ರಕ್ಕೆ ಊರ್ವಶಿ, ‘ತಡವ್’ ಚಿತ್ರಕ್ಕೆ ಬೀನಾ ಆರ್. ಚಂದ್ರನ್. ಸಂಜೆ ನೀರಿನ ಮೋಟರ್ ವಿಷಯ ಹೇಳೋಣ ಅಂತ ಕೆಳಗೆ ಇಳಿದರೆ, ಇಲ್ಲಿ ಕೇರಳದಲ್ಲಿ ನಮ್ಮ ಮನೆ ಓನರ್ ಚೇಚಿಗೂ (ಚೇಚಿ ಅಂದರೆ ಅಕ್ಕ) ಅವರ ನಾದಿನಿಗೂ ಜೋರು ವಾದ ನಡೆದಿತ್ತು. ಊರ್ವಶಿಗೆ ಒಬ್ಬಳಿಗೇ ಕೊಡಬೇಕಿತ್ತು, ಹಂಚಿದ್ದು ಯಾಕೆ ಅಂತ ನಾದಿನಿ. ಚೇಚಿ ರಿಟೈರ್ ಆದ ಮೇಷ್ಟ್ರಮ್ಮ. ಬೀನಾ ಕೂಡ ಶಾಲೆ ಟೀಚರ್ ಅಂತ ಗೊತ್ತಾಗಿದ್ದೇ ಸಾಕು, ಸಿನಿಮಾ ನೋಡದೆಯೇ ಅವರ ಪಕ್ಷ ಹಿಡಿದಿದ್ದರು. ನಟನ ಪ್ರಶಸ್ತಿ ಪೃಥ್ವಿರಾಜ್‌ಗೆ ಬಂದಿತ್ತು. ಅದರ ಸುದ್ದಿಯೇ ಇಲ್ಲ.

ಆಮೇಲೆ ಚೇಚಿ ನನ್ನ ಕಡೆ ತಿರುಗಿ, “ನಿಮ್ಮ ಕರ್ನಾಟಕದಲ್ಲಿ ಯಾರಿಗೆ ಬಂತು?” ಅಂದರು.

ಏನು ಹೇಳಲಿ? ನಮ್ಮಲ್ಲಿ 2019ರದ್ದೇ ಇನ್ನೂ ಬಂದಿರಲಿಲ್ಲ. ಅದು ಬಂದಿದ್ದು 2025ರ ಜನವರಿಯಲ್ಲಿ. ‘ತ್ರಯಂಬಕಂ’ ಚಿತ್ರಕ್ಕೆ ಅನುಪಮಾ ಗೌಡ ಅತ್ಯುತ್ತಮ ನಟಿ. ಪಾಪ, ಅವರಿಗೆ ಬಂದಿದ್ದಕ್ಕೆ ಖುಷಿಯೇ. ಆದರೆ ಐದಾರು ವರ್ಷ ಕಳೆದ ಮೇಲೆ ಯಾರು ಯಾರ ಜೊತೆ ಜಗಳ ಆಡುತ್ತಾರೆ? ದಾವಣಗೆರೆಯ ನಮ್ಮಣ್ಣನಿಗೆ ಫೋನ್ ಮಾಡಿದರೆ ಅವನು ಮಾತಾಡಿದ್ದು ಸುದೀಪ್ ಪ್ರಶಸ್ತಿ ಬೇಡ ಅಂದಿದ್ದರ ಬಗ್ಗೆ ಮಾತ್ರ. ನಟಿ ಯಾರು ಅಂತ ಕೇಳಿದೆ. “ಅದೇನೋ ಬಂತಪ್ಪ ಪೇಪರ್‌ನಾಗೆ” ಅಂದ.

ನನಗೆ ಹೊಟ್ಟೆ ಉರಿಯುವುದು ಇದಕ್ಕೇ. 2023ರಲ್ಲಿ ನಮ್ಮಲ್ಲಿ ಜಗಳ ಆಡುವಂಥ ಅಭಿನಯ ಇರಲಿಲ್ವಾ? ‘ಸಪ್ತ ಸಾಗರದಾಚೆ ಎಲ್ಲೋ’ದಲ್ಲಿ ರುಕ್ಮಿಣಿ ವಸಂತ್ ಇದ್ದರು. ಮಾಡದ ತಪ್ಪು ಹೊತ್ತು ಜೈಲಿಗೆ ಹೋದ ಹುಡುಗನನ್ನು ನೋಡಲು ಬರುವ ಪ್ರಿಯಾ. ಜನ ಅವರನ್ನು ಎತ್ತಿ ಮೆರೆಸಿದರು, ಸರಿಯೇ. ಆದರೆ ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಸಿರಿ ರವಿಕುಮಾರ್. ‘ಸ್ವಾತಿ ಮುತ್ತಿನ ಮಳೆ ಹನಿಯೇ’ಯಲ್ಲಿ ಸಾಯುವವರ ಕಡೆಯ ದಿನಗಳನ್ನು ನೋಡಿಕೊಳ್ಳುವ ಆಸ್ಪತ್ರೆಯ ಕೌನ್ಸೆಲರ್. ಬೇರೆಯವರ ದುಃಖ ಕೇಳುವುದೇ ಕೆಲಸ, ತನ್ನ ಮನೆಯಲ್ಲಿ ಮಾತೇ ಇಲ್ಲ. ಆ ಮುಖ ಕೆಲಸಕ್ಕೆ ಒಂಥರಾ, ಮನೆಗೆ ಒಂಥರಾ ಇರುತ್ತದೆ. ನಡುವೆ ಎಲ್ಲಿ ಬದಲಾಯಿತು ಅಂತ ಗೊತ್ತಾಗುವುದಿಲ್ಲ. ಅಳುವ ಪಾತ್ರಕ್ಕಿಂತ ಅಳು ತಡೆಯುವ ಪಾತ್ರ ಕಷ್ಟ ಅಂತ ನನ್ನ ಲೆಕ್ಕ. ಮೂರನೆಯದಾಗಿ ಅದೇ ‘ಸಪ್ತ ಸಾಗರ’ದ ಎರಡನೇ ಭಾಗದ ಚೈತ್ರಾ ಆಚಾರ್. ಅದು ಮುಖ್ಯ ಪಾತ್ರವೋ ಪೋಷಕ ಪಾತ್ರವೋ ಅಂತ ತಕರಾರು ತೆಗೆಯುವವರು ತೆಗೆಯಲಿ. ತೆಗೆದರೆ ನನಗೂ ಒಳ್ಳೆಯದು, ಮಾತಿಗೆ ಜನ ಸಿಕ್ಕಂತಾಯಿತು.

ಆ ತಕರಾರಿನ ರುಚಿಯೂ ಇಲ್ಲಿ ಗೊತ್ತು. ‘ಉಳ್ಳೊಳುಕ್ಕ್’ನಲ್ಲಿ ಕುಟ್ಟನಾಡಿನ ಮನೆಯೊಳಗೆ ನೆರೆ ನೀರು ನಿಂತಿದೆ, ಮಗ ಸತ್ತಿದ್ದಾನೆ, ನೀರು ಇಳಿಯುವ ತನಕ ಮಣ್ಣು ಮಾಡುವಂತಿಲ್ಲ. ಆ ಮನೆಯಲ್ಲಿ ಅತ್ತೆ ಊರ್ವಶಿ, ಸೊಸೆ ಪಾರ್ವತಿ. ಒಬ್ಬರಿಗೊಬ್ಬರು ಮುಚ್ಚಿಟ್ಟಿದ್ದು ಒಂದೊಂದೇ ಹೊರಬರುತ್ತದೆ. ಕೇರಳದ ಜ್ಯೂರಿಗೆ ಅತ್ತೆ ಮುಖ್ಯ ನಟಿ. 2025ರ ಆಗಸ್ಟ್‌ನಲ್ಲಿ ರಾಷ್ಟ್ರ ಪ್ರಶಸ್ತಿ ಬಂದಾಗ ದೆಹಲಿಯ ಜ್ಯೂರಿಗೆ ಅದೇ ಅತ್ತೆ ಪೋಷಕ ನಟಿ. ಮುಖ್ಯ ನಟಿ ರಾಣಿ ಮುಖರ್ಜಿ. ಯಾವ ಅಳತೆಗೋಲು ಇದು ಅಂತ ಊರ್ವಶಿ ಬಹಿರಂಗವಾಗಿಯೇ ಕೇಳಿದರು. ಚೇಚಿಯಂತೂ ಟೀಚರಮ್ಮನ ಪಕ್ಷ ಬಿಟ್ಟು ಊರ್ವಶಿ ಕಡೆ ಬಂದುಬಿಟ್ಟರು. “ಹಾಗಾದರೆ ಆ ಸಿನಿಮಾದಲ್ಲಿ ಮುಖ್ಯ ಪಾತ್ರ ಯಾರದು, ನೀರಿನದಾ?” ಅಂದರು.

ನಮ್ಮವರಿಗೆ ರುಚಿ ಇಲ್ಲ ಅಂತಲ್ಲ. ‘ಕಾಡು’ವಿನ ನಂದಿನಿ ಭಕ್ತವತ್ಸಲ, ‘ಹಸೀನಾ’ದ ತಾರಾ, ಇಬ್ಬರೂ ರಾಷ್ಟ್ರ ಪ್ರಶಸ್ತಿ ತಂದವರು. ಇಲ್ಲಿಯವರು 2024ರ ಪ್ರಶಸ್ತಿ ಆರಿಸಲು ಜ್ಯೂರಿಯ ಅಧ್ಯಕ್ಷರಾಗಿ ಕೂರಿಸಿದ್ದೂ ನಮ್ಮ ಪ್ರಕಾಶ್ ರಾಜ್ ಅವರನ್ನೇ. ಆ ಸಲ ‘ಫೆಮಿನಿಚ್ಚಿ ಫಾತಿಮಾ’ದ ಶಾಮ್ಲಾ ಹಂಸಾ ಗೆದ್ದರು.

ಇನ್ನೊಂದನ್ನು ಹೇಳದೆ ವಿಧಿಯಿಲ್ಲ. 2024ರಲ್ಲಿ ಇಲ್ಲಿ ದುಡ್ಡು ಬಾಚಿದ ‘ಮಂಜುಮ್ಮೆಲ್ ಬಾಯ್ಸ್’, ‘ಆವೇಶಂ’ ನೋಡಿ. ಹೆಂಗಸರು ಹುಡುಕಿದರೆ ಸಿಗಬೇಕು. ಆಮೇಲೆ ಹೇಮಾ ಸಮಿತಿ ವರದಿ. ಸಿನಿಮಾದಲ್ಲಿ ದುಡಿಯುವ ಹೆಂಗಸರು ಏನೇನು ಅನುಭವಿಸುತ್ತಾರೆ ಅಂತ ಬರೆದ ವರದಿ ಸರ್ಕಾರದ ಕೈ ಸೇರಿದ್ದು 2019ರ ಡಿಸೆಂಬರ್‌ನಲ್ಲಿ. ಅದು ಹೊರಗೆ ಬಂದಿದ್ದು 2024ರ ಆಗಸ್ಟ್ 19ಕ್ಕೆ, ಊರ್ವಶಿಗೆ ಪ್ರಶಸ್ತಿ ಘೋಷಣೆ ಆದ ಮೂರನೇ ದಿನ. ಅದೂ ಕೆಲವು ಪುಟ ತೆಗೆದು. ನಮ್ಮ ಪ್ರಶಸ್ತಿಯ ಫೈಲು ಕೊಳೆತಷ್ಟೇ ಹೊತ್ತು ಇವರ ಈ ಫೈಲೂ ಕೊಳೆತಿದೆ. ಅದನ್ನು ಚೇಚಿಗೆ ಹೇಳಿದೆ. “ಅದು ಬೇರೆ ವಿಷಯ” ಅಂದರು. ಬೇರೆ ಅಂತ ನನಗೇನೂ ಅನ್ನಿಸಲಿಲ್ಲ.