ಎಸ್ಟೇಟ್ ಕಾರಿನ ವಂಶವೃಕ್ಷ

ಮಲೆನಾಡಿನಲ್ಲಿ ಎಸ್ಟೇಟ್ ಅಂದರೆ ಕಾಫಿ ತೋಟ. ಹಾಗಾಗಿ ಟಾಟಾ ಎಸ್ಟೇಟ್ ಎಂಬ ಹಳೇ ವ್ಯಾಗನ್ ಕಾರಿನ ಆರ್‌ಸಿ ನವೀಕರಣಕ್ಕೆ ಹೋದವರ ಹತ್ತಿರ ಸಾರಿಗೆ ಕಚೇರಿ ಇನ್ನೂ ಪಹಣಿ ಕೇಳಿಲ್ಲ ಅನ್ನುವುದೇ ದೊಡ್ಡ ಉಪಕಾರ. ಕೇಳುತ್ತಿರುವುದು ಇಷ್ಟೇ: ಚಾಸಿ ನಂಬರ್ ತಾಳೆಯಾಗುತ್ತಿಲ್ಲ, ಗಾಡಿ ಹುಟ್ಟಿದ ಕಾರ್ಖಾನೆಯಿಂದಲೇ ಕಾಗದ ತನ್ನಿ.

ಪೌತಿ ಖಾತೆಗೆ ಅಲೆದು ಚಪ್ಪಲಿ ಸವೆಸಿದವರಿಗೆ ವಂಶವೃಕ್ಷ ಯಾವ ಲೆಕ್ಕ? ಬರೆದುಕೊಳ್ಳಿ. ಅಪ್ಪ ಟಾಟಾಮೊಬೈಲ್ ಪಿಕಪ್, 1988. ಅಕ್ಕ ಸಿಯೆರಾ, 1991. ಎಸ್ಟೇಟ್ 1992ರ ಸಂತಾನ. ತಮ್ಮ ಸುಮೋ, 1994. ಊರು ಪುಣೆ, ಮನೆತನ ಟಾಟಾದವರ ಗಾಡಿ ಕಂಪನಿ ಟೆಲ್ಕೊ. ಮೈಕಟ್ಟಿನಲ್ಲಿ ಬೆಂಜ್ ವ್ಯಾಗನ್ನಿನ ಛಾಯೆ ಇದೆ ಎಂದು ಊರವರೆಲ್ಲ ಆಡಿಕೊಂಡದ್ದುಂಟು. ಟೆಲ್ಕೊಗೂ ಡೈಮ್ಲರ್ ಬೆಂಜ್‌ಗೂ 1954ರಿಂದ 1969ರವರೆಗೆ ಸಂಬಂಧ ಇದ್ದದ್ದು ನಿಜ. ಸಂಬಂಧ ಕಡಿದು 23 ವರ್ಷದ ಮೇಲೆ ಹುಟ್ಟಿದ ಮಗುವಿಗೆ ಆ ಮೂಗು ಹೇಗೆ ಬಂತು ಅಂತ ಗ್ರಾಮ ಲೆಕ್ಕಿಗರೂ ಕೇಳಬಾರದು, ಮರ್ಯಾದೆಯ ಪ್ರಶ್ನೆ.

ಟೆಲ್ಕೊ 2003ರಲ್ಲಿ ಟಾಟಾ ಮೋಟಾರ್ಸ್ ಆಯಿತು. ಹಳೇ ಪುಸ್ತಕದಲ್ಲಿ ಒಂದು ಹೆಸರು, ಕಂಪ್ಯೂಟರಿನಲ್ಲಿ ಇನ್ನೊಂದು. ಮದುವೆಯಾಗಿ ಇನಿಶಿಯಲ್ ಬದಲಾದ ಹೆಣ್ಣುಮಗಳ ಹಾಗೆ ಗಾಡಿಯೂ ಅಫಿಡವಿಟ್ ಮಾಡಿಸಬೇಕು.

ಇಂಜಿನ್ನಿನ ಜಾತಕ ಸುಲಭ. ಹೆಸರು 483, ಅಂದರೆ 4 ಸಿಲಿಂಡರ್, ಬೋರ್ (ಸಿಲಿಂಡರಿನ ಒಳ ಅಗಲ) 83 ಮಿಲಿಮೀಟರ್. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಹಿಡಿದು ಗುಣಿಸಿದರೆ 1948 ಸಿಸಿ. ತೊಂದರೆ ಏನೆಂದರೆ ಇದೇ ಇಂಜಿನ್ ಮೊದಲ ಸುಮೋಗಳಲ್ಲೂ ಇತ್ತು. ಬೋರ್ ಸವೆದಾಗ ಗುಜರಿಯ ಸುಮೋದಿಂದ ಇಳಿಸಿ ಕೂರಿಸಿದರೆ ಗಾಡಿ ಜಗ್ಗದೆ ಓಡುತ್ತದೆ, ಆದರೆ ಆರ್‌ಸಿಯಲ್ಲಿ ನಂಬರ್ ಬರೆಸಿರುವುದಿಲ್ಲ. ಇಲ್ಲಿ ಮಾತ್ರ ತಪ್ಪು ನಮ್ಮದೇ.

ಇನ್ನು ಚಾಸಿ ನಂಬರ್. ಆಗುಂಬೆ ಘಾಟಿ ಹತ್ತಿಳಿದ ಗಾಡಿಯ ಫ್ರೇಮಿಗೆ ಕೆಂಪು ಮಣ್ಣು ಗೋಡೆಗೆ ಮೆತ್ತಿದ ಹಾಗೆ ಮೆತ್ತಿರುತ್ತದೆ. ಅದರಡಿ ಯಾವಾಗಲೋ ಬಳಿಸಿದ ಕಪ್ಪು ಕೋಟಿಂಗ್, ಅದರಡಿ ತುಕ್ಕು, ಅದರಡಿ ನಂಬರ್. ಮೊದಲು ನೀರು ಬಿಟ್ಟು ಮಣ್ಣು ಇಳಿಸಿ. ಕೋಟಿಂಗಿಗೆ ಥಿನ್ನರ್ ಬಟ್ಟೆ, ತುಕ್ಕಿಗೆ ಡೀಸೆಲ್ ಹಚ್ಚಿ ಒಂದು ರಾತ್ರಿ ಬಿಟ್ಟು ಕೈಯಲ್ಲೇ ವೈರ್ ಬ್ರಶ್. ಗ್ರೈಂಡರ್ ಮಾತ್ರ ಮುಟ್ಟಿಸಬೇಡಿ. ಪಂಚ್ ಮಾಡಿದ ಅಂಕೆ ಆಳವಿರುವುದಿಲ್ಲ, ಗ್ರೈಂಡರ್ ಎರಡು ಸುತ್ತು ತಿರುಗುವಷ್ಟರಲ್ಲಿ 8 ಹೋಗಿ 3 ಆಗುತ್ತದೆ. ಆಮೇಲೆ ‘ತಿದ್ದಿದ್ದಾರೆ’ ಅನ್ನುವ ಆಪಾದನೆ ಬೇರೆ. ಚೆನ್ನಾಗಿ ಒರೆಸಿ, ತೆಳು ಕಾಗದ ಅಂಟಿಸಿ, ಪೆನ್ಸಿಲ್ ಮಲಗಿಸಿ ಉಜ್ಜಿ. ಪ್ರಿಂಟ್ ಬಂದ ಮೇಲೆ ಅಲ್ಲಿಗೆ ಗ್ರೀಸ್ ಬಳಿಯಿರಿ, ಮುಂದಿನ ಸಲಕ್ಕೂ ನಂಬರ್ ಉಳಿಯಬೇಕಲ್ಲ.

ಮುಂದಿನ ಸಲ ಬಂದೇ ಬರುತ್ತದೆ, ಐದೈದು ವರ್ಷಕ್ಕೊಮ್ಮೆ. ನವೀಕರಣಕ್ಕೆ ಮೊದಲು 600 ರೂಪಾಯಿ ಇತ್ತು. 2022ರಲ್ಲಿ 5,000. 2025ರಲ್ಲಿ, 20 ವರ್ಷ ದಾಟಿದ ಕಾರಿಗೆ 10,000. ಅಪ್ಪೆಮಿಡಿ ಉಪ್ಪಿನಕಾಯಿ ಕೂಡ ವಯಸ್ಸಾದಷ್ಟೂ ಬೆಲೆ ಹೀಗೆ ಏರಿಸಿಕೊಂಡಿಲ್ಲ. ವಿಂಟೇಜ್ ಪಟ್ಟ ಕೊಡಿ ಅಂದರೆ 50 ವರ್ಷ ತುಂಬಬೇಕು. ಎಸ್ಟೇಟಿಗೆ ಅದು 2042ಕ್ಕೆ. ಪಟ್ಟ ಸಿಕ್ಕ ಮೇಲೆ ದಿನಾ ಓಡಿಸುವಂತಿಲ್ಲ. ಅಡಿಕೆ ಮೂಟೆ ಹೇರುವ ಗಾಡಿಗೆ ಎಂಥ ಸನ್ಮಾನ!

ತಮಾಷೆ ಸಾಕು. ನಂಬರ್ ಯಾಕೆ ತಾಳೆಯಾಗುತ್ತಿಲ್ಲ? ಸಾರಿಗೆ ಕಚೇರಿಯ ಕೈಬರಹದ ನೋಂದಣಿ ಪುಸ್ತಕ ಬಿ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಏರಿಸುವಾಗ ಎಸ್ ಅನ್ನು 5 ಮಾಡಿದ್ದಾರೆ, ಝಡ್ ಅನ್ನು 2 ಮಾಡಿದ್ದಾರೆ. ಮಾಡಿದವರು ಗಾಡಿಯ ಯಜಮಾನರಲ್ಲ. ಈಗಿನ 17 ಅಕ್ಷರದ ನಂಬರಿನಲ್ಲಿ ಐ, ಓ, ಕ್ಯೂ ಅಕ್ಷರಗಳನ್ನೇ ಬಿಟ್ಟಿರುವುದು ಇಂಥ ಎಡವಟ್ಟು ಆಗದಿರಲಿ ಎಂದೇ. ಗೊತ್ತಿದ್ದವರಿಗೆ ಇದೆಲ್ಲ ಗೊತ್ತು. ಹೀಗಿದ್ದೂ ಹೊಸನಗರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದ ಎಪ್ಪತ್ತರ ಅಜ್ಜ ಕೌಂಟರಿನ ಮುಂದೆ ನಿಂತು ತನ್ನ ಗಾಡಿ ಕದ್ದದ್ದಲ್ಲ ಅಂತ ಸಾಬೀತು ಮಾಡಬೇಕು. ಗಾಡಿ ರಸ್ತೆಗೆ ಯೋಗ್ಯ ಎಂದು ಹೊಸ ಗಾಡಿಗೆ ಕಂಪನಿ ಕೊಡುವ ಫಾರಂ 22 ಅನ್ನು ಮೂವತ್ತು ವರ್ಷದ ಮೇಲೆ ಪುಣೆಯಿಂದ ತರಿಸಬೇಕು. ನಾಚಿಕೆಯಾಗಬೇಕು.

ಆ ಬಿ ರಿಜಿಸ್ಟರ್ ಇರುವುದು ಪುಣೆಯಲ್ಲಲ್ಲ. ಕೇಳುವವರ ಬೆನ್ನ ಹಿಂದಿನ ಬೀರುವಿನಲ್ಲಿ. ‘ಒಂದ್ಸಲ ತೆಗೆದು ನೋಡಿ ಮಾರಾಯ್ರೆ’ ಅಂದರೆ, ಅದಕ್ಕೂ ಬಿ ಎಕ್ಸ್‌ಟ್ರಾಕ್ಟಿಗೆ, ಅಂದರೆ ಆ ಪುಸ್ತಕದ ನಕಲಿಗೆ, ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಚಾಸಿ ನಂಬರ್ ಬರೆಯಬೇಕು. ಕಂಪ್ಯೂಟರಿನಲ್ಲಿ ಇರುವ ಹಾಗೆಯೇ.