131 ಗೋಲುಗಳ ಹಿಂದೆ ಮರೆಯಾದ ಗೋಲ್‌ಕೀಪರ್

ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ರೊಜೇರಿಯೊ ಸೆನಿ ಅಂದ ತಕ್ಷಣ ಬರುವ ಮಾತು ಒಂದೇ: "ಓ, ಗೋಲು ಹೊಡೀತಿದ್ದ ಗೋಲ್‌ಕೀಪರ್ ಅಲ್ವಾ?" ಹೌದು, 131 ಗೋಲು. ಬೇರೆ ಯಾವ ಗೋಲ್‌ಕೀಪರೂ ಅದರ ಹತ್ತಿರ ಸುಳಿದಿಲ್ಲ. ಆದರೆ ಈ ಸಂಖ್ಯೆಯೇ ಆತನಿಗೆ ಅನ್ಯಾಯ ಮಾಡಿದೆ ಅಂತ ನನಗೆ ಅನಿಸುತ್ತದೆ.

1990ರಲ್ಲಿ ಸಾವೊ ಪಾಲೊ ಕ್ಲಬ್ ಸೇರಿದಾಗ ಸೆನಿಗೆ 17 ವರ್ಷ. ಆಮೇಲೆ ಕೆಲವು ವರ್ಷ ಗೋಲಿನ ಮುಂದೆ ಹಿರಿಯ ಗೋಲ್‌ಕೀಪರ್ ಝೆಟ್ಟಿ ಗಟ್ಟಿಯಾಗಿ ಬೇರೂರಿದ್ದ. ತಂಡ 1992, 1993ರಲ್ಲಿ ದಕ್ಷಿಣ ಅಮೆರಿಕದ ಲಿಬರ್ಟಡೋರೆಸ್ ಕಪ್ ಗೆದ್ದಿತು. ಅದೆಲ್ಲ ಝೆಟ್ಟಿಯ ಕಾಲ. ಸೆನಿ ಸುಮ್ನೆ ಕಾದ. ಬೇರೆ ಕ್ಲಬ್ ನೋಡಿಕೊಳ್ಳಬಹುದಿತ್ತು, ಹೋಗಲಿಲ್ಲ. ಜಾಗ ಸಿಕ್ಕ ಮೇಲೆ 2015ರ ತನಕ ಬಿಟ್ಟುಕೊಡಲೂ ಇಲ್ಲ. ಒಂದೇ ಕ್ಲಬ್ಬಿಗೆ 1,200ಕ್ಕೂ ಜಾಸ್ತಿ ಪಂದ್ಯ ಆಡಿ, 42ನೇ ವಯಸ್ಸಿನಲ್ಲಿ ಕೈಗವಸು ಕಳಚಿದ.

ಮೊದಲ ಗೋಲು 1997ರ ಫೆಬ್ರವರಿಯಲ್ಲಿ, ಎದುರಾಳಿಯ ತಪ್ಪಿಗೆ ಸಿಗುವ ಫ್ರೀ ಕಿಕ್‌ನಿಂದ. ಅವನ ಫ್ರೀ ಕಿಕ್ ನೋಡುವುದೇ ಒಂದು ಮಜಾ. ತನ್ನ ಗೋಲು ಬಿಟ್ಟು ಇಡೀ ಮೈದಾನ ದಾಟಿ ಬರುತ್ತಾನೆ. ಚೆಂಡನ್ನು ಹುಲ್ಲಿನ ಮೇಲೆ ಇಡುತ್ತಾನೆ. ನಾಲ್ಕಾರು ಹೆಜ್ಜೆ, ಬಲಗಾಲು, ಚೆಂಡು ಅಡ್ಡ ನಿಂತ ಎದುರಾಳಿ ಆಟಗಾರರ ಗೋಡೆ ದಾಟಿ ಗೋಲಿನ ಮೂಲೆಗೆ ಇಳಿಯುತ್ತದೆ. ಅದೇ ಗೋಡೆಗೆ ಬಡಿದು ಎದುರಾಳಿ ಕಾಲಿಗೆ ಸಿಕ್ಕರೆ? ಅತ್ತ ಗೋಲು ಖಾಲಿ! ಬಿದ್ದಂಬೀಳ ಓಡಬೇಕು.

ನನ್ನ ಲೆಕ್ಕದಲ್ಲಿ ಅವನ ದೊಡ್ಡ ಆಟ ಅವನು ಗೋಲೇ ಹೊಡೆಯದ ದಿನದ್ದು. 2005ರ ಡಿಸೆಂಬರ್ 18, ಯೊಕೊಹಾಮಾ, ವಿಶ್ವ ಕ್ಲಬ್ ಫೈನಲ್. ಎದುರಿಗೆ ಯುರೋಪಿನ ಚಾಂಪಿಯನ್ ಲಿವರ್‌ಪೂಲ್. 27ನೇ ನಿಮಿಷದಲ್ಲಿ ಸಾವೊ ಪಾಲೊದ ಮಿನೇರೊ ಒಂದು ಗೋಲು ಹೊಡೆದ. ಆಮೇಲೆ ಆಟವೆಲ್ಲ ಸೆನಿಯ ಕಡೆಗೇ. ಲಿವರ್‌ಪೂಲ್ ಮೂರು ಸಲ ಚೆಂಡನ್ನು ಬಲೆಗೆ ಹಾಕಿತು, ಮೂರೂ ರದ್ದಾದವು. ಅದು ಅದೃಷ್ಟ, ಒಪ್ಪೋಣ. ಆದರೆ ಲಿವರ್‌ಪೂಲ್ ನಾಯಕ ಜೆರಾರ್ಡ್ ಹೊಡೆದ ಫ್ರೀ ಕಿಕ್ ಮೇಲಿನ ಮೂಲೆಗೇ ಹೊರಟಿತ್ತು. ಸೆನಿ ಹಾರಿ ಬೆರಳ ತುದಿಯಿಂದ ತಳ್ಳಿದ. ಆ ಮೂಲೆಗೆ ಚೆಂಡು ಹೇಗೆ ಹೋಗುತ್ತದೆ ಅಂತ ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು! 1-0. ಟೂರ್ನಿಯ ಶ್ರೇಷ್ಠ ಆಟಗಾರನೂ ಅವನೇ.

ಇಷ್ಟಾದರೂ 2006ರ ವಿಶ್ವಕಪ್‌ನಲ್ಲಿ ಅವನಿಗೆ ಸಿಕ್ಕಿದ್ದೆಷ್ಟು? ಜಪಾನ್ ವಿರುದ್ಧ ಬ್ರೆಜಿಲ್ 4-1 ಮುಂದಿದ್ದಾಗ, ಮೊದಲ ಗೋಲ್‌ಕೀಪರ್ ದಿದಾ ಬದಲಿಗೆ ಕೊನೆಯ ಕೆಲವೇ ನಿಮಿಷ. ಪಾಯಸ ಖಾಲಿಯಾದ ಮೇಲೆ ಎಲೆ ಹಾಕಿದ ಹಾಗೆ.

ಅದೇ ವರ್ಷ ಆಗಸ್ಟ್‌ನಲ್ಲಿ ಕ್ರುಝೇರೊ ಕ್ಲಬ್ ವಿರುದ್ಧ ಸಾವೊ ಪಾಲೊ ಎರಡು ಗೋಲು ಹಿಂದಿತ್ತು. ಸೆನಿ ಒಂದು ಫ್ರೀ ಕಿಕ್, ಒಂದು ಪೆನಾಲ್ಟಿ ಹೊಡೆದು 2-2 ಮಾಡಿದ. ಅತಿ ಹೆಚ್ಚು ಗೋಲು ಹೊಡೆದ ಗೋಲ್‌ಕೀಪರ್ ಅನ್ನುವ ಪರಾಗ್ವೆಯ ಚಿಲಾವರ್ಟ್ ದಾಖಲೆ ಮುರಿದದ್ದು ಅವತ್ತೇ. ಎಲ್ಲರೂ ಆ ಎರಡು ಗೋಲಿನ ಬಗ್ಗೆಯೇ ಮಾತಾಡುತ್ತಾರೆ. ಆ ಪಂದ್ಯದಲ್ಲಿ ಅವನು ಒಂದು ಪೆನಾಲ್ಟಿ ತಡೆದೂ ಇದ್ದ. ವಿಡಿಯೊ ನೋಡುವುದಾದರೆ ದಯವಿಟ್ಟು ಅಲ್ಲಿಂದ ಶುರು ಮಾಡಿ.