ಜಿಮ್ ಬೇಡ ಅಂದರೆ ಕಾಫಿ ಮೂಟೆಯೂ ಬೇಡ

ಗಂಡಸರ ಎದೆ ಉಬ್ಬಿಗೆ, ಅಂದರೆ ಗೈನಕೊಮಾಸ್ಟಿಯಾಕ್ಕೆ ಆಪರೇಷನ್ ಆದವರಿಗೆ ಡಾಕ್ಟರು ಸಾಮಾನ್ಯವಾಗಿ ‘ಆರು ವಾರ ಜಿಮ್ ಬೇಡ’ ಅನ್ನುತ್ತಾರೆ. ಕೊಡಗಿನಲ್ಲಿ ಜಿಮ್ಮಿಗೇ ಹೋಗದವರು ಆ ಮಾತು ತಮಗಲ್ಲ ಅಂದುಕೊಂಡು ಹತ್ತೇ ದಿನಕ್ಕೆ ತೋಟಕ್ಕೆ ಇಳಿದುಬಿಡುತ್ತಾರೆ. 50 ಕೆಜಿ ಮೂಟೆಯನ್ನು ಜೀಪಿಗೆ ಎತ್ತುವುದು, ಕಣದಲ್ಲಿ ಕಾಫಿ ಎಳೆಯುವುದು, ಮೆಣಸು ಕುಯ್ಯಲು ಏಣಿ ಹೊರುವುದು, ಹೆಗಲಿಗೆ ಕಳೆ ಕೊಚ್ಚುವ ಮಿಷನ್ ತೂಗುಹಾಕುವುದು, ಇವೆಲ್ಲ ಎದೆ ಮತ್ತು ತೋಳಿನ ಕೆಲಸವೇ. ಡಾಕ್ಟರ ಚೀಟಿಯಲ್ಲಿ ತೋಟದ ಕೆಲಸಗಳ ಹೆಸರೂ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾರಣ ಸರಳ. ಲೈಪೊಸಕ್ಷನ್‌ನಿಂದ ಕೊಬ್ಬು ಹೀರಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಸಣ್ಣದಾಗಿ ಕೊಯ್ದು ಒಳಗಿನ ಗ್ರಂಥಿ ತೆಗೆಯುತ್ತಾರೆ. ಗ್ರಂಥಿ ಇದ್ದ ಜಾಗ ಖಾಲಿಯಾಗುತ್ತದೆ. ಮೇಲಿನ ಚರ್ಮ ಕೆಳಗೆ ಅಂಟಿಕೊಂಡರೆ ಮಾತ್ರ ಅದು ಮುಚ್ಚುತ್ತದೆ. ಅಷ್ಟರೊಳಗೆ ಭಾರ ಎಳೆದರೆ ಚರ್ಮದಡಿ ಸ್ನಾಯು ಜಾರಾಡಿ, ಸಂದಿನಲ್ಲಿ ನೀರು ತುಂಬುತ್ತದೆ. ಇದೇ ಸೆರೋಮಾ. ಮುಟ್ಟಿದರೆ ಒಳಗೆ ನೀರು ಆಡಿದಂತಿರುತ್ತದೆ, ಕೆಲವೊಮ್ಮೆ ಸೂಜಿ ಹಾಕಿ ತೆಗೆಯಬೇಕಾಗುತ್ತದೆ. ಹೊರಗೆ ಪೂರ್ತಿ ಮಾಗಿದಂತೆ ಕಾಣುವ ಗಾಯಕ್ಕೂ ಆರನೇ ವಾರದಲ್ಲಿ ಮಾಮೂಲಿ ಚರ್ಮದ ಅರ್ಧದಷ್ಟೇ ಬಲ ಇರುತ್ತದೆ.

ಆಪರೇಷನ್ ಆದ ಜಾಗದಲ್ಲಿ ರಕ್ತ ಸೋರಿ ಕಟ್ಟುವ ಅಪಾಯ ಹೆಚ್ಚಿರುವುದು ಮೊದಲ 24ರಿಂದ 48 ಗಂಟೆಗಳಲ್ಲಿ. ಒಂದೇ ಕಡೆ ಎದೆ ದಿಢೀರನೆ ಉಬ್ಬಿ, ಬಿಗಿದು, ನೋವು ಏರುತ್ತಾ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಅಲ್ಲಿ ಆಪರೇಷನ್ ಮಾಡಿಸಿಕೊಂಡವರು ಎರಡು ರಾತ್ರಿ ಮೈಸೂರಲ್ಲೇ ಉಳಿದು ಬರುವುದು ಒಳ್ಳೆಯದು. ವಾಪಸು ಬರುವಾಗ ಸೀಟ್ ಬೆಲ್ಟ್ ತೆಗೆಯಬೇಡಿ, ಎದೆಗೂ ಬೆಲ್ಟಿಗೂ ನಡುವೆ ಮಡಚಿದ ಟವೆಲ್ ಇಡಿ. ತೋಟದ ದಾರಿಯಲ್ಲಿ ಜೀಪಿನ ಕುಲುಕಾಟ ಎರಡು ವಾರ ಬೇಡವೇ ಬೇಡ.

ಹಾಗಂತ ಮಲಗಿಯೇ ಇರಬಾರದು. ಮೊದಲ ದಿನದಿಂದಲೇ ಎರಡು ಗಂಟೆಗೊಮ್ಮೆ ಐದು ನಿಮಿಷ ಮನೆಯೊಳಗೆ ನಡೆಯಿರಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಬೇಕು. ಮೊಣಕೈ ಭುಜದ ಮಟ್ಟ ದಾಟದಂತೆ ತೋಳು ಆಡಿಸುತ್ತಿರಿ, ಇಲ್ಲವಾದರೆ ಭುಜ ಬಿಗಿಯುತ್ತದೆ. ಎರಡು ವಾರ ಎರಡು ಕೆಜಿಗಿಂತ ಹೆಚ್ಚು ಎತ್ತಬೇಡಿ. ಮೂರನೇ ವಾರ ಸಮತಟ್ಟು ದಾರಿಯಲ್ಲಿ, ಮಾತಾಡಲು ಉಸಿರು ಸಾಲುವಷ್ಟು ವೇಗದಲ್ಲಿ ಅರ್ಧ ಗಂಟೆ ನಡಿಗೆ. ನಮ್ಮ ಏರುಗಳು ಸದ್ಯಕ್ಕೆ ಕಾಯಲಿ. ನಾಲ್ಕನೇ ವಾರ ಕೈಯಲ್ಲಿ ಭಾರವಿಲ್ಲದ ಬೈಠಕ್, ನಿಧಾನದ ಏರುದಾರಿ. ಆರು ವಾರ ಕಳೆದು ಡಾಕ್ಟರು ಒಪ್ಪಿದ ಮೇಲೆ ಪುಷ್‌ಅಪ್: ಮೊದಲು ಗೋಡೆಗೆ, ಆಮೇಲೆ ಮೇಜಿಗೆ, ಕೊನೆಗೆ ನೆಲಕ್ಕೆ. ಬೆಂಚ್ ಪ್ರೆಸ್ ಮಾಡುವವರು ಹಿಂದಿನ ತೂಕದ ಮೂರನೇ ಒಂದು ಭಾಗದಿಂದ ಶುರು ಮಾಡಿ. ಮಾರನೇ ದಿನ ಊತ ಹೆಚ್ಚಾದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.

ಆಪರೇಷನ್ ಆದಮೇಲೆ ಎದೆಯನ್ನು ಒತ್ತಿ ಹಿಡಿಯುವ ಬಿಗಿ ಬನಿಯನ್ ನಾಲ್ಕರಿಂದ ಆರು ವಾರ, ಅದರಲ್ಲೂ ಮೊದಲ ವಾರಗಳು ಹಗಲು ರಾತ್ರಿ ಬೇಕು. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಮೂರು ಬನಿಯನ್ ಇಟ್ಟುಕೊಳ್ಳಿ. ಅರೆ ಒದ್ದೆಯದನ್ನು ಹಾಕಿಕೊಂಡರೆ ಮಡಿಕೆಗಳಲ್ಲಿ ಬೂಷ್ಟು ಕಜ್ಜಿ ಖಂಡಿತ.

ಕೋವಿಯ ಬಗ್ಗೆ ಯಾವ ಡಾಕ್ಟರೂ ತಾವಾಗಿ ಹೇಳಲಾರರು. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಹಿಡಿ ಕೂರುವುದು ಎದೆಯ ಸ್ನಾಯು ಭುಜಕ್ಕೆ ಸೇರುವಲ್ಲೇ. ಎಂಟು ವಾರ ಕೋವಿ ಮುಟ್ಟಬೇಡಿ. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಸೆಯಿದ್ದರೆ ಜೂನ್ ಕೊನೆಯೊಳಗೆ ಆಪರೇಷನ್ ಮುಗಿದಿರಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ ಅರೇಬಿಕಾ, ರೊಬಸ್ಟಾ, ಮೆಣಸು ಒಂದರ ಹಿಂದೊಂದು ಬರುತ್ತವೆ, ಆ ತಿಂಗಳುಗಳಲ್ಲಿ ದಿನ ಗೊತ್ತುಮಾಡಲೇಬೇಡಿ.

ಮನೆಯವರಿಂದ ಮುಚ್ಚಿಡಬೇಡಿ. ‘ಸ್ವಲ್ಪ ಹಿಡಿಯೋ’ ಅಂತ ಅಪ್ಪ ಕರೆದಾಗ ಇಲ್ಲ ಅನ್ನಲು ಕಾರಣ ಹೇಳಲಾಗದವನೇ ಮೂಟೆಗೆ ಕೈ ಹಾಕುವುದು. ಇದು ನಾಚಿಕೆಯ ಕಾಯಿಲೆಯಲ್ಲ.

ಗಾಯದಡಿ ತಿಂಗಳೆರಡು ತಿಂಗಳು ಗಟ್ಟಿ ಗಂಟು ಸಿಕ್ಕರೆ ಬಹುಪಾಲು ಅದು ಕಲೆಯ ಅಂಗಾಂಶ, ಮುಂದಿನ ಭೇಟಿಯಲ್ಲಿ ತೋರಿಸಿ. ಸಿಗರೇಟು ಆಪರೇಷನ್‌ಗೆ ನಾಲ್ಕು ವಾರ ಮೊದಲಿಂದ ನಾಲ್ಕು ವಾರ ನಂತರದವರೆಗೆ ಬೇಡ, ನಿಕೋಟಿನ್ ತೊಟ್ಟಿಗೆ ಹೋಗುವ ರಕ್ತ ಕಡಿಮೆ ಮಾಡುತ್ತದೆ. ಮೈ ಬೆಳೆಸಲು ಸ್ಟೆರಾಯ್ಡ್ ಚುಚ್ಚಿಕೊಳ್ಳುವವರಿಗೆ ಇನ್ನೊಂದು ಮಾತು: ತೊಟ್ಟು ಒಳಗೆ ಕುಸಿಯದಿರಲಿ ಎಂದು ಅದರಡಿ ಸ್ವಲ್ಪ ಗ್ರಂಥಿ ಬಿಟ್ಟಿರುತ್ತಾರೆ, ಆ ಸೂಜಿಗೆ ಅದು ಮತ್ತೆ ಬೆಳೆಯಬಲ್ಲದು.